ಹೊಟ್ಟೆ ಸೂಕ್ಷ್ಮ ಇರೋರು ದಿನನಿತ್ಯ ಎಂತ ಅಡುಗೆ ಮಾಡ್ಕೋತೀರಿ? ಮನೆಗೆಲ್ಲ ಒಂದೇ ಅಡುಗೆ ಆಗ್ಬೇಕು

ಬಿದನೂರಿನ_ಹುಡುಗಿ

ಎಲ್ರಿಗೂ ನಮಸ್ಕಾರ. ನನ್ ತವರು ಹೊಸನಗರದ ಹತ್ರ, ಮದ್ವೆ ಆಗಿ ಈಗ ಶಿವಮೊಗ್ಗ ವಿನೋಬನಗರದ ಕಡೆ ಇದೀವಿ. ಗಂಡ ಹೆಂಡ್ತಿ ಇಬ್ರೂ ಕೆಲ್ಸಕ್ಕೆ ಹೋಗೋರು, ಮನೇಲಿ ಅತ್ತೆ ಮಾವ ಇದಾರೆ.

ವಿಷ್ಯ ಏನಪ್ಪ ಅಂದ್ರೆ ನಂಗೆ ತುಂಬ ಸಮಯದಿಂದ ಹೊಟ್ಟೆ ಸರಿ ಇಲ್ಲ. ಊಟ ಮಾಡಿ ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆ ಡೊಳ್ಳಿನ ಥರ ಉಬ್ಬುತ್ತೆ, ಗುಡುಗುಡು ಅನ್ನುತ್ತೆ, ಪಕ್ಕದ ಸೀಟಿನವ್ರಿಗೆ ಕೇಳ್ಸತ್ತೇನೋ ಅಂತ ಮುಜುಗರ. ಕೆಲವು ದಿನ ಬೆಳಗ್ಗೆ ಬಸ್ಸಿಗೆ ಹೊರಡೋಕ್ ಮುಂಚೆ ಮತ್ತೆ ಮತ್ತೆ ಓಡ್ಬೇಕು, ಇನ್ ಕೆಲವು ದಿನ ಏನೂ ಇಲ್ಲ. ಡಾಕ್ಟರ್ ಹತ್ರ ಹೋಗಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಆಯ್ತು, ಏನೂ ಸಿಕ್ಕಿಲ್ಲ, ಐಬಿಎಸ್ (ಕರುಳು ಸೂಕ್ಷ್ಮ ಆಗಿರೋ ತೊಂದ್ರೆ) ಅಂದ್ರು. ಖಾರ ಮಸಾಲೆ ಕಡಿಮೆ ಮಾಡಿ, ಟೆನ್ಶನ್ ತಗೋಬೇಡಿ ಅಂತ ಹೇಳಿ ಕಳ್ಸಿದ್ರು. ಖಾರ ನಾನು ಮೊದ್ಲಿಂದ್ಲೂ ಅಷ್ಟಕ್ಕಷ್ಟೆ, ಟೆನ್ಶನ್ ತಗೋಬೇಡಿ ಅಂದ್ರೆ ಟೆನ್ಶನ್ ಎಲ್ಲಿ ಕೇಳುತ್ತೆ.

ಆಮೇಲೆ ಒಬ್ಬೊಬ್ರದ್ದು ಒಂದೊಂದು ಸಲಹೆ. ಆಫೀಸಲ್ಲಿ ಒಬ್ರು ಓಟ್ಸ್ ತಿನ್ನು ಅಂದ್ರು, ಅತ್ತಿಗೆ ಚಪಾತಿ ಒಳ್ಳೇದು ಅನ್ನ ಬಿಡು ಅಂದ್ರು, ಇನ್ನೊಬ್ರು ಹಾಲು ಮೊಸ್ರು ಮುಟ್ಲೇಬೇಡ ಅಂದ್ರು, ಮೊಳಕೆ ಕಾಳು ತಿನ್ನು ಫೈಬರ್ ಬೇಕು ಅಂದ್ರು ಮತ್ತೊಬ್ರು. ಎಲ್ಲಾ ಕೇಳಿ ಕೇಳಿ ಈಗ ಬರೀ ಗಂಜಿ, ಅನ್ನ ಮಜ್ಜಿಗೆ ಇಷ್ಟರಲ್ಲೇ ಇದೀನಿ, ತೂಕ ಇಳೀತಾ ಇದೆ, ಸುಸ್ತು ಬೇರೆ.

ಒಂದು ವಿಚಿತ್ರ ಅಂದ್ರೆ ತವರಿಗೆ ಹೋದ್ರೆ ನಂಗೆ ಏನೂ ಆಗಲ್ಲ! ಅಮ್ಮನ ಕೈಯಲ್ಲಿ ಕಡುಬು, ರೊಟ್ಟಿ, ತಂಬುಳಿ, ಸಾಸಿವೆ ಎಲ್ಲ ಹೊಟ್ಟೆ ತುಂಬ ತಿಂದು ಆರಾಮಾಗಿ ಇರ್ತೀನಿ. ಇದು ತವರಿಗೆ ಹೋದ್ರೆ ಮಾತ್ರ ವಾಸಿ ಆಗೋ ರೋಗ ಅಂತ ನಮ್ಮನೆಯವ್ರು ತಮಾಷೆ ಮಾಡ್ತಾರೆ, ಅತ್ತೆ ಎದುರಿಗೆ ಹಂಗ್ ಹೇಳಿದ್ರೆ ನನ್ ಪರಿಸ್ಥಿತಿ ಏನು ನೀವೇ ಹೇಳಿ. ಅತ್ತೆ ದಾವಣಗೆರೆ ಕಡೆಯವ್ರು, ಅಡುಗೆ ತುಂಬ ಚೆನ್ನಾಗ್ ಮಾಡ್ತಾರೆ, ಆದ್ರೆ ಈರುಳ್ಳಿ ಬೆಳ್ಳುಳ್ಳಿ ಇಲ್ದೆ ಒಗ್ಗರಣೆನೇ ಇಲ್ಲ, ದಿನಾ ಒಂದು ಕಾಳಿನ ಪಲ್ಯ, ರಾತ್ರಿ ಚಪಾತಿ. ನಂಗೊಬ್ಳಿಗೆ ಬೇರೆ ಅಡುಗೆ ಮಾಡ್ಕೊಳ್ಳೋಕೆ ಟೈಮೂ ಇಲ್ಲ, ಮಾಡ್ಕೊಂಡ್ರೆ ಅವ್ರಿಗೆ ಬೇಜಾರಾಗುತ್ತೆ. ಎಲ್ರೂ ಉಣ್ಣೋ ಅಡುಗೆಲೇ ಏನಾದ್ರೂ ದಾರಿ ಇದ್ರೆ ಹೇಳಿ ಪ್ಲೀಸ್.

---

ಕವಲೇದುರ್ಗದಮ್ಮ

ತಂಗಿ, ಬರೀ ಗಂಜಿಲಿ ಎಷ್ಟು ದಿನ ಇರ್ತೀಯ ಮಾರಾಯ್ತಿ, ಗಂಜಿ ಹುಷಾರಿಲ್ದಾಗ ಒಂದೆರಡು ದಿನಕ್ಕೆ ಸರಿ. ಕುಡಿಯೋದಾದ್ರೆ ಕುಚಲಕ್ಕಿ ಗಂಜಿಗೆ ಒಂದು ಹಿಡಿ ಹೆಸರುಬೇಳೆ ಹಾಕಿ ಬೇಯ್ಸು, ಮೇಲೆ ಒಂದು ಚಮಚ ತುಪ್ಪ ಬಿಡು. ಆಗ ಅದು ಊಟ ಅನ್ಸತ್ತೆ, ಇಲ್ದಿದ್ರೆ ನೀರು ಕುಡ್ದಂಗೆ.

ತಂಬುಳಿ ನಿಮ್ಮನೇಲಿ ಯಾಕೆ ಮಾಡ್ಬಾರ್ದು? ಹತ್ತು ನಿಮಿಷದ ಕೆಲ್ಸ. ದೊಡ್ಡಪತ್ರೆ ಗಿಡ ಒಂದು ಕುಂಡದಲ್ಲಿ ಚುಚ್ಚಿಟ್ರೆ ಸಾಕು ಶಿವಮೊಗ್ಗದ ಬಿಸ್ಲಿಗೂ ಬರುತ್ತೆ. ಏಳೆಂಟು ಎಲೆ ತಗೊಂಡು ಹರಿದು, ಬಾಣಲೆಗೆ ಅರ್ಧ ಚಮಚ ತುಪ್ಪ ಹಾಕಿ ಜೀರಿಗೆ ಒಂದು ಚಮಚ, ಐದಾರು ಕಾಳುಮೆಣಸು ಹಾಕು, ಜೀರಿಗೆ ಸಿಡಿದ ಮೇಲೆ ಎಲೆ ಹಾಕು. ಮೊದ್ಲು ನೀರು ಬಿಡುತ್ತೆ, ಬಿಟ್ಕೊಂಡಿದ್ದು ಆರಿ ಎಲೆ ಮುದುಡಿ ಬಣ್ಣ ಕಂದು ಹಸಿರಿಗೆ ತಿರುಗಿ ಆ ಗಾಟು ವಾಸ್ನೆ ಹೋಗಿ ಓಮದ ಪರಿಮಳ ಬರೋವರೆಗೂ ಸಣ್ಣ ಉರಿಲಿ ಬಾಡ್ಸಬೇಕು, ಇಲ್ಲೇ ಅವಸರ ಮಾಡಿದ್ರೆ ತಂಬುಳಿ ಕಹಿ ಒಗರು ಆಗುತ್ತೆ ಆಮೇಲೆ ಯಾರೂ ಮುಟ್ಟಲ್ಲ. ಆರಿದ ಮೇಲೆ ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕಲಸು, ಉಪ್ಪು ಹಾಕು. ಮಜ್ಜಿಗೆ ಅವತ್ತಿಂದೇ ಆಗಿರ್ಬೇಕು, ಹುಳಿ ಮಜ್ಜಿಗೆ ಬೇಡ. ಕುದಿಸ್ಬೇಡ, ಒಡೆದೋಗುತ್ತೆ. ಮಳೆಗಾಲದಲ್ಲಿ ತಣ್ಣಗಿಂದು ಸೇರಲ್ಲ ಅಂದ್ರೆ ಬಿಸಿ ಬಿಸಿ ಅನ್ನಕ್ಕೆ ಕಲಸ್ಕೊಂಡು ಉಣ್ಣು.

ಇದೇ ಅಳತೆಲಿ ಒಂದೆಲಗ, ಮೆಂತ್ಯ (ಮೆಂತ್ಯ ಕಾಲು ಚಮಚ ಸಾಕು ಹುರ್ಕೋಬೇಕು), ಶುಂಠಿ, ನೆಲ್ಲಿಚಟ್ಟು (ಒಣಗಿಸಿದ ನೆಲ್ಲಿಕಾಯಿ) ಯಾವ್ದಾದ್ರೂ ಮಾಡು. ಭೇದಿ ಥರ ಆದ ದಿನ ಒಣಗಿಸಿಟ್ಟ ದಾಳಿಂಬೆ ಸಿಪ್ಪೆ ಒಂದು ಚೂರು ಹುರಿದು ರುಬ್ಬಿ ಮಾಡೋದು ನಮ್ಮ ಕಡೆ ರೂಢಿ. ಇದ್ಯಾವ್ದಕ್ಕೂ ಈರುಳ್ಳಿ ಬೆಳ್ಳುಳ್ಳಿ ಬೇಡ ನೋಡು.

ನಿಮ್ಮತ್ತೆಗೂ ಮಾಡಿ ಬಡ್ಸು. ದಾವಣಗೆರೆಯವ್ರಾದ್ರೆ ಮೊದಲ್ನೇ ದಿನ ಇದೇನಿದು ಸೊಪ್ಪಿನ ನೀರು ಅಂತಾರೆ, ಬೇಸಿಗೆ ಬರ್ಲಿ ಆಮೇಲೆ ಅವ್ರೇ ಕೇಳ್ತಾರೆ.

---

ಸಾಗರದ_ಪಥ್ಯ

ನಾನು ನ್ಯೂಟ್ರಿಷನ್ ಓದಿರೋಳು, ಊರು ಸಾಗರ, ಕೆಲಸ ಬೇರೆ ಊರಲ್ಲಿ. ನಿಮ್ಮ ಪೋಸ್ಟಲ್ಲೇ ಉತ್ತರ ಇದೆ ಅಂತ ನಂಗೆ ಅನ್ಸುತ್ತೆ. ತವರಲ್ಲಿ ಸರಿ ಇರುತ್ತೆ, ಇಲ್ಲಿ ಇರಲ್ಲ, ಅಂದ್ರೆ ಅಮ್ಮನ ಪ್ರೀತಿ ಒಂದ್ಕಡೆ ಇರ್ಲಿ, ಎರಡು ಮನೆ ಅಡುಗೆಲಿ ಏನು ವ್ಯತ್ಯಾಸ ಅಂತ ಬರ್ದು ನೋಡಿ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು. ಈ ನಾಲ್ಕೂ ಒಂದೇ ಗುಂಪು.

ಇವುಗಳಲ್ಲಿ ಇರೋ ಕೆಲವು ಬಗೆ ಶರ್ಕರಗಳು (ಈರುಳ್ಳಿ ಬೆಳ್ಳುಳ್ಳಿ ಗೋಧಿಲಿ ಫ್ರಕ್ಟಾನ್, ಕಾಳುಗಳಲ್ಲಿ ಇನ್ನೊಂದು ಜಾತಿದು) ಸಣ್ಣ ಕರುಳಲ್ಲಿ ಯಾರಿಗೂ ಜೀರ್ಣ ಆಗಲ್ಲ, ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಹುಳಿ ಬರಿಸಿ ಗ್ಯಾಸ್ ಮಾಡ್ತವೆ. ಎಲ್ರಿಗೂ ಆಗೋದೇ ಇದು. ಐಬಿಎಸ್ ಇರೋರ ಕರುಳು ಅಷ್ಟೇ ಗ್ಯಾಸಿಗೆ ಜಾಸ್ತಿ ನೋವು ಪಡುತ್ತೆ, ಅಷ್ಟೇ ವ್ಯತ್ಯಾಸ. ಹಾಲಿನ ಲ್ಯಾಕ್ಟೋಸ್, ಮಾವು ಜೇನುತುಪ್ಪದಲ್ಲಿ ಹೆಚ್ಚಿರೋ ಫ್ರಕ್ಟೋಸ್, ಶುಗರ್ ಫ್ರೀ ಚೂಯಿಂಗ್ ಗಮ್ಮಲ್ಲಿರೋ ಸಾರ್ಬಿಟಾಲ್ ಇವೂ ಇದೇ ಗುಂಪಿಗೆ ಸೇರುತ್ತೆ. ಎಲ್ಲಾ ಸೇರ್ಸಿ ಫಾಡ್ಮ್ಯಾಪ್ ಅಂತಾರೆ, ಮೆಲ್ಬೋರ್ನಿನ ಮೊನಾಶ್ ಯೂನಿವರ್ಸಿಟಿಯವ್ರು 2005ರ ಸುಮಾರಿಗೆ ಇದನ್ನ ಮುಂದಿಟ್ಟಿದ್ದು.

ಈಗ ಅತ್ತೆ ಮನೆ ಅಡುಗೆಗೆ ಬರೋಣ. ಫ್ರಕ್ಟಾನ್ ನೀರಲ್ಲಿ ಕರಗುತ್ತೆ, ಎಣ್ಣೆಲಿ ಕರಗಲ್ಲ. ಹಾಗಾಗಿ ಎಣ್ಣೆ ಅಥ್ವಾ ತುಪ್ಪ ಕಾಯಿಸಿ ಬೆಳ್ಳುಳ್ಳಿ ಎಸಳು ಇಡಿಯಾಗಿ ಸ್ವಲ್ಪ ಜಜ್ಜಿ ಹಾಕಿ ಹೊಂಬಣ್ಣ ಬಂದ ಮೇಲೆ ಸೌಟಲ್ಲಿ ಎತ್ತಿ ಹೊರಗಿಡಿ, ಆಮೇಲೆ ಸಾಸಿವೆ ಕರಿಬೇವು ಹಾಕಿ ಸಾರಿಗೆ ಸುರೀರಿ. ಘಮ ಪೂರ್ತಿ ಇರುತ್ತೆ, ತೊಂದ್ರೆ ಕೊಡೋ ಭಾಗ ಎಸಳಲ್ಲೇ ಉಳ್ಕೊಳುತ್ತೆ. ಎತ್ತಿದ ಎಸಳನ್ನ ಮಾವನೋರ ತಟ್ಟೆಗೆ ಹಾಕಿ, ಹುರಿದ ಬೆಳ್ಳುಳ್ಳಿ ಯಾರಿಗೆ ಬೇಡ! ಆದ್ರೆ ಎಸಳು ಸಾರಲ್ಲಿ ಬಿದ್ದು ಕುದ್ರೆ ಮುಗೀತು, ಆಮೇಲೆ ಎತ್ತಿದ್ರೂ ಪ್ರಯೋಜನ ಇಲ್ಲ. ಇನ್ನೊಂದು, ಈ ಎಣ್ಣೆನ ಅವತ್ತಿಗೆ ಅವತ್ತೇ ಮಾಡಿ, ಬಾಟ್ಲಿಗೆ ತುಂಬಿ ಹೊರಗಡೆ ಇಡ್ಬೇಡಿ, ಬೆಳ್ಳುಳ್ಳಿ ಎಣ್ಣೆಲಿ ಬೊಟುಲಿಸಂ ವಿಷ ಬೆಳೆಯೋ ಅಪಾಯ ಇದೆ. ಈರುಳ್ಳಿ ಬದಲು ಈರುಳ್ಳಿ ಹೂವಿನ ಗಿಡದ (ಸ್ಪ್ರಿಂಗ್ ಆನಿಯನ್) ಹಸಿರು ಭಾಗ ಮಾತ್ರ ಹೆಚ್ಚಿ ಹಾಕ್ಬಹುದು, ಬುಡದ ಬಿಳಿ ಬೇಡ. ಇಂಗು ಸೈ.

ಕಾಳು ಪೂರ್ತಿ ಬಿಡ್ಬೇಡಿ, ಪ್ರೋಟೀನ್ ಎಲ್ಲಿಂದ ಬರ್ಬೇಕು. ರಾತ್ರಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯ್ಸಿ ಆ ನೀರೂ ಬಸಿದು, ಕಾಳನ್ನ ಸ್ವಲ್ಪ ಬಡಿಸ್ಕೊಳಿ. ಇಲ್ಲೊಂದು ಮಲೆನಾಡಿನ ಪೇಚು ಇದೆ: ಹುರುಳಿ ಕಟ್ಟಿನ ಸಾರು. ಕಾಳಿಂದ ಬಿಟ್ಟ ಆ ಶರ್ಕರ ಎಲ್ಲ ಆ ಕಟ್ಟಲ್ಲೇ ಇರುತ್ತೆ, ಹಾಗಾಗಿ ಕಾಳು ತಿನ್ನಲ್ಲ ಬರೀ ಸಾರು ಉಣ್ತೀನಿ ಅನ್ನೋದು ಲೆಕ್ಕ ತಪ್ಪು. ಬೇಳೆಲಿ ಹೆಸರುಬೇಳೆ ವಾಸಿ, ತೊಗರಿ ಕಡಲೆ ಅಲಸಂದೆ ಸ್ವಲ್ಪ ಸ್ವಲ್ಪ.

ಚಪಾತಿ ಬದಲು ಅತ್ತೆಯವ್ರಿಗೆ ಕೈ ಪಳಗಿರೋ ಜೋಳದ ರೊಟ್ಟಿನೇ ಮಾಡ್ಲಿ, ಅವ್ರಿಗೂ ಖುಷಿ. ಉಕ್ಕರಿಸಿದ ಅಕ್ಕಿ ರೊಟ್ಟಿ, ನೀರು ದೋಸೆ, ಇಡ್ಲಿ, ಅಕ್ಕಿ ಶ್ಯಾವಿಗೆ ಎಲ್ಲ ನಡಿಯುತ್ತೆ. ರವೆ ಉಪ್ಪಿಟ್ಟು ಗೋಧಿನೇ ಅನ್ನೋದು ಮರೀಬೇಡಿ, ತುಂಬ ಜನ ಚಪಾತಿ ಬಿಟ್ಟು ದಿನಾ ಉಪ್ಪಿಟ್ಟು ತಿಂದು ಏನೂ ಕಮ್ಮಿ ಆಗಿಲ್ಲ ಅಂತಾರೆ. ಆದ್ರೆ ಗೋಧಿ ನಿಲ್ಲಿಸೋಕ್ ಮುಂಚೆ ನಿಮ್ಮ ರಕ್ತ ಪರೀಕ್ಷೆಲಿ ಸೀಲಿಯಾಕ್ (ಗೋಧಿಲಿರೋ ಗ್ಲುಟನ್ ಕರುಳಿಗೆ ಆಗದೇ ಇರೋ ಕಾಯಿಲೆ) ಪರೀಕ್ಷೆ, ಅಂದ್ರೆ ಟಿಟಿಜಿ ಅಂತ ಬರ್ದಿರುತ್ತೆ, ಅದು ಆಗಿದ್ಯಾ ನೋಡಿ. ಗೋಧಿ ಬಿಟ್ಟ ಮೇಲೆ ಮಾಡ್ಸಿದ್ರೆ ಕಾಯಿಲೆ ಇದ್ರೂ ಇಲ್ಲ ಅಂತ ಬರ್ಬಹುದು.

ಇದು ಜೀವನಪೂರ್ತಿ ಪಥ್ಯ ಅಲ್ಲ. 2ರಿಂದ 6 ವಾರ ಕಡಿಮೆ ಮಾಡಿ ನೋಡೋದು, ವ್ಯತ್ಯಾಸ ಕಂಡ್ರೆ ಒಂದೊಂದೇ ವಾಪಸ್ ತಂದು ಯಾವ್ದು ಎಷ್ಟು ತಡಿಯುತ್ತೆ ಅಂತ ತಿಳ್ಕೊಳೋದು. ಎಷ್ಟೋ ಜನಕ್ಕೆ ಕೊನೆಗೆ ಈರುಳ್ಳಿ ಒಂದೇ ಕಳ್ಳ ಅಂತ ಗೊತ್ತಾಗುತ್ತೆ, ಮಿಕ್ಕಿದ್ದೆಲ್ಲ ತಿನ್ಕೊಂಡು ಇರ್ತಾರೆ. ನಿಮಗೆ ತೂಕ ಇಳೀತಿದೆ ಅಂದ್ರಿ, ಅದು ಗಂಜಿಯಿಂದ್ಲೇ ಇರ್ಬಹುದು, ಆದ್ರೂ ಡಾಕ್ಟರಿಗೆ ಇನ್ನೊಂದ್ಸಲ ಹೇಳಿ. ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಭೇದಿ, ಜ್ವರ, ರಕ್ತ ಕಮ್ಮಿ ಆಗೋದು, ಇದ್ರಲ್ಲಿ ಯಾವ್ದಿದ್ರೂ ಅಡುಗೆ ಮನೇಲಿ ಉತ್ತರ ಹುಡುಕ್ಬೇಡಿ.

---

ತೋಟದ_ಮನೆ

ಆಸ್ಟ್ರೇಲಿಯಾದವ್ರು ಹೇಳಿದ್ ಮೇಲೆ ನಮಗೆ ಈರುಳ್ಳಿ ಗ್ಯಾಸ್ ಅಂತ ಗೊತ್ತಾಗ್ಬೇಕಾ ಮಾರಾಯ್ರೆ 😀 ನಮ್ಮಲ್ಲಿ ಅಜ್ಜಿ ಕಾಲದಿಂದ ಹಬ್ಬ ಶ್ರಾದ್ಧ ಬಿಡಿ ದಿನದ ಅಡುಗೆಗೂ ಈರುಳ್ಳಿ ಇರ್ಲಿಲ್ಲ.

ನಂದೊಂದು ಸರಳ ಸಲಹೆ. ಏನು ತಿಂತೀರಿ ಅನ್ನೋದಕ್ಕಿಂತ ಹೆಂಗೆ ತಿಂತೀರಿ ನೋಡಿ. ಬೆಳಗ್ಗೆ ನಿಂತ್ಕೊಂಡು ಎರಡು ತುತ್ತು ನುಂಗಿ ಬಸ್ ಹತ್ತೋದು, ಮಧ್ಯಾಹ್ನ ಡಬ್ಬಿ ತಣ್ಣಗಾಗಿದ್ದು ಫೋನ್ ನೋಡ್ತಾ ಹತ್ತು ನಿಮಿಷದಲ್ಲಿ ಖಾಲಿ, ರಾತ್ರಿ ಹತ್ತು ಗಂಟೆಗೆ ಹೊಟ್ಟೆ ಬಿರಿಯ ಉಂಡು ಮಲಗೋದು. ತವರಲ್ಲಿ ಹಂಗ್ ಮಾಡಲ್ಲ ಅಲ್ವಾ, ಚಾಪೆ ಮೇಲೆ ಕೂತು ಮಾತಾಡ್ತಾ ಮುಕ್ಕಾಲು ಗಂಟೆ ಊಟ. ಬೇಗ ಬೇಗ ನುಂಗಿದ್ರೆ ಗಾಳಿನೂ ನುಂಗ್ತೀವಿ. ರಾತ್ರಿ ಊಟ ಎಂಟಕ್ಕೆ ಮುಗ್ಸಿ, ಆಮೇಲೆ ಒಂದು ಸುತ್ತು ನಡೀರಿ. ಕಾಫಿ ಖಾಲಿ ಹೊಟ್ಟೆಗೆ ಬೇಡ.

ಹಣ್ಣಿನ ವಿಷ್ಯಕ್ಕೆ ನಮ್ಮ ಹಿರೀರೇ ಹೇಳಿದಾರಲ್ಲ, ಹಸಿದು ಹಲಸು ಉಂಡು ಮಾವು ಅಂತ. ಈಗಿನವ್ರು ಹೊಟ್ಟೆ ತುಂಬ ಉಂಡು ಅದ್ರ ಮೇಲೆ ಹತ್ತು ತೊಳೆ ಹಲಸು ತಿಂದು ಆಮೇಲೆ ಹಲಸನ್ನ ಬೈತಾರೆ.

ಇನ್ನು ಚಕ್ರಮುನಿ ಸೊಪ್ಪು (ವಿಟಮಿನ್ ಸೊಪ್ಪು) ನಮ್ಮ ಬೇಲಿ ತುಂಬ ಇದೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಹಸಿ ಸೊಪ್ಪಿನ ಜ್ಯೂಸ್ ಒಂದು ಲೋಟ ಕುಡೀರಿ, ನಿಶ್ಶಕ್ತಿ ಎಲ್ಲ ಹೋಗುತ್ತೆ.

---

ಸಾಗರದ_ಪಥ್ಯ

ಅಣ್ಣಾ, ಊಟದ ಹೊತ್ತು, ನಿಧಾನ ತಿನ್ನೋದು ಎಲ್ಲಾ ನೂರಕ್ಕೆ ನೂರು ಒಪ್ತೀನಿ, ನಾನು ಬರೀಬೇಕಿತ್ತು. ಆದ್ರೆ ಚಕ್ರಮುನಿ ಜ್ಯೂಸ್ ದಯವಿಟ್ಟು ಬೇಡ. ತೈವಾನಲ್ಲಿ 1994-95ರ ಹೊತ್ತಿಗೆ ತೂಕ ಇಳ್ಸೋಕೆ ಅಂತ ಇದೇ ಸೊಪ್ಪಿನ ಹಸಿ ಜ್ಯೂಸ್ ದಿನಾ ಕುಡಿದು ತುಂಬ ಜನಕ್ಕೆ ಶ್ವಾಸಕೋಶದ ಸಣ್ಣ ನಾಳಗಳೇ ಮುಚ್ಚಿಹೋದವು, ವಾಸಿ ಆಗದಂಥ ಕಾಯಿಲೆ, ಸತ್ತವ್ರೂ ಇದಾರೆ. ನಾವು ಯಾವಾಗಾದ್ರೂ ಒಂದು ಹಿಡಿ ಬೇಯ್ಸಿ ತಂಬುಳಿ ಪಲ್ಯ ಮಾಡೋದಕ್ಕೂ ಲೋಟಗಟ್ಲೆ ಹಸಿ ಕುಡಿಯೋದಕ್ಕೂ ತುಂಬ ದೂರ ಇದೆ. ಬೇಯ್ಸಿ, ಸ್ವಲ್ಪ ತಿನ್ನಿ, ಸಾಕು. ಸೂಕ್ಷ್ಮ ಹೊಟ್ಟೆಗೆ ಯಾವ ಹಸಿ ಸೊಪ್ಪಿನ ಜ್ಯೂಸೂ ಬೇಡ ಅಂತ್ಲೇ ನನ್ ಅಭಿಪ್ರಾಯ.

---

ತೋಟದ_ಮನೆ

ಇದು ಗೊತ್ತಿರ್ಲಿಲ್ಲ. ಮನೇಲಿ ತಂಗಿ ಕುಡೀತಾ ಇದ್ಲು, ಇವತ್ತೇ ಹೇಳ್ತೀನಿ.

---

ಭದ್ರಾವತಿ_ರಘು

ಇದೇ ಥ್ರೆಡ್ಡಲ್ಲಿ ಕೇಳ್ತೀನಿ ಬೇಜಾರಾಗ್ಬೇಡಿ, ನಂಗೂ ಇದೇ ಥರ ಆದ್ರೆ ನಂದು ಮಲಬದ್ಧತೆ ಜಾಸ್ತಿ. ಗೋಧಿ ಹೊಟ್ಟು ತಿನ್ನಿ ಅಂದ್ರು, ತಿಂದ ಮೇಲೆ ಇನ್ನೂ ಉಬ್ಬರ. ಮತ್ತೆ ಮಳೆಗಾಲದಲ್ಲಿ ಕಳಲೆ (ಎಳೆ ಬಿದಿರು), ಪತ್ರೊಡೆ ಇಲ್ದೆ ಹೆಂಗಿರೋದು?

---

ಸಾಗರದ_ಪಥ್ಯ

ರಘು ಅವ್ರೇ, ಹೊಟ್ಟು ಒರಟು ನಾರು, ಅದು ಐಬಿಎಸ್‌ಗೆ ಎಷ್ಟೋ ಸಲ ಜಾಸ್ತಿನೇ ಮಾಡುತ್ತೆ. ಇಸಬ್ಗೋಲ್ ನೀರು ಹೀರ್ಕೊಂಡು ಲೋಳೆ ಆಗೋ ನಾರು, ಅರ್ಧ ಚಮಚದಿಂದ ಶುರು ಮಾಡಿ, ಮೇಲೆ ಒಂದು ದೊಡ್ಡ ಲೋಟ ನೀರು ಕುಡೀಲೇಬೇಕು. ಓಡೋ ಹೊಟ್ಟೆಗೂ ಕಟ್ಟೋ ಹೊಟ್ಟೆಗೂ ಎರಡಕ್ಕೂ ಬರುತ್ತೆ. ತಿಂಡಿ ಕಡೆ ಹೇಳೋದಾದ್ರೆ ಬಸಳೆ, ಸೌತೆಕಾಯಿ, ಕುಂಬಳದಂಥ ಮೆತ್ತಗಿನ ತರಕಾರಿ ಚೆನ್ನಾಗ್ ಬೇಯ್ಸಿ ತಿನ್ನಿ.

---

ಕವಲೇದುರ್ಗದಮ್ಮ

ಕಳಲೆ ಬಿಡಿ ಅಂತ ನಾನಂತೂ ಹೇಳಲ್ಲಪ್ಪ, ವರ್ಷಕ್ಕೊಂದ್ಸಲ ಬರೋದು. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿಡಿ, ದಿನಾ ನೀರು ಚೆಲ್ಲಿ ಬೇರೆ ಹಾಕ್ಬೇಕು, ಆಮೇಲೆ ಬೇಯ್ಸಿ ಆ ನೀರನ್ನೂ ಬಸೀಬೇಕು. ಹಸಿ ಕಳಲೇಲಿ ವಿಷದ ಅಂಶ ಇರುತ್ತೆ, ಅದು ನೀರಿಗೆ ಬಿಡುತ್ತೆ. ಪೇಟೇಲಿ ಹೆಚ್ಚಿ ಪ್ಯಾಕೆಟ್ ಮಾಡಿ ಮಾರ್ತಾರಲ್ಲ, ಎಷ್ಟು ದಿನ ನೀರಲ್ಲಿತ್ತು ಅಂತ ಕೇಳದೆ ತರ್ಬೇಡಿ. ಕಳಲೆ ಪಲ್ಯ ಒಂದು ಸೌಟು ತಿನ್ನಿ, ಅದ್ರ ಜೊತೆ ಹುರುಳಿ ಕಾಳು ಸೇರ್ಸೋ ರೂಢಿ ಇದ್ಯಲ್ಲ ಅದನ್ನ ಬಿಡಿ.

ಪತ್ರೊಡೆಗೆ ಕೆಸುವಿನೆಲೆ ಕಪ್ಪು ದಂಟಿಂದು ಎಳೇದು ನೋಡಿ ತನ್ನಿ, ಹುಣಸೆ ಹುಳಿ ಅಥ್ವಾ ವಾಟೆಹುಳಿ ಹಿಟ್ಟಿಗೆ ಧಾರಾಳ ಹಾಕಿ, ಹಬೆಲಿ ಪೂರ್ತಿ ಬೇಯ್ಬೇಕು. ಹುಳಿ ಕಮ್ಮಿ ಆಗಿ ಬೇಯದೆ ಉಳಿದ್ರೆ ಗಂಟ್ಲೆಲ್ಲ ತುರಿಕೆ. ಒಗ್ಗರಣೆಗೆ ಎಣ್ಣೆ ಸುರೀಬೇಡಿ, ಬಿಸಿ ಬಿಸಿ ಎರಡು ತುಂಡು ತುಪ್ಪ ಹಚ್ಕೊಂಡು ತಿಂದ್ರೆ ಏನೂ ಆಗಲ್ಲ. ಎಂಟು ತುಂಡು ತಿಂದು ನನ್ ಕೇಳ್ಬೇಡಿ.

---

ಬಿದನೂರಿನ_ಹುಡುಗಿ

ಎಲ್ರಿಗೂ ತುಂಬ ತುಂಬ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂದ್ಕೊಂಡಿರ್ಲಿಲ್ಲ. ರಿಪೋರ್ಟ್ ತೆಗೆದು ನೋಡಿದೆ, ಟಿಟಿಜಿ ಮಾಡ್ಸಿದಾರೆ, ನೆಗೆಟಿವ್ ಇದೆ. ತೂಕದ ಬಗ್ಗೆ ಡಾಕ್ಟರಿಗೂ ಹೇಳಿ ಬಂದೆ, ಊಟ ಜಾಸ್ತಿ ಮಾಡಿ ಮತ್ತೆ ತೂಕ ನೋಡೋಣ ಅಂದಿದಾರೆ.

ಪೂರ್ತಿ ಥ್ರೆಡ್ಡು ಅತ್ತೆಗೆ ಓದಿ ಹೇಳ್ದೆ. ಬೆಳ್ಳುಳ್ಳಿ ಎತ್ತೋ ವಿಷ್ಯಕ್ಕೆ ಅವ್ರು ಏನಂದ್ರು ಗೊತ್ತಾ, ಅಷ್ಟೇನಾ ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವೇನೆ ಅಂತ. ಈಗ ಒಂದೇ ಸಾರು, ಬೆಳ್ಳುಳ್ಳಿ ಎಸಳು ಮಾವನ ತಟ್ಟೆಗೆ. ಈರುಳ್ಳಿ ಪಲ್ಯಕ್ಕೆ ಹಾಕೋಕ್ ಮುಂಚೆ ನಂಗೆ ಒಂದು ಬಟ್ಲು ಬೇರೆ ತೆಗೆದಿಡ್ತಾರೆ, ಅವ್ರ ಈರುಳ್ಳಿ ಒಗ್ಗರಣೆ ಮೇಲಿಂದ. ರಾತ್ರಿ ಜೋಳದ ರೊಟ್ಟಿ ವಾಪಸ್ ಬಂದಿದೆ, ಮಾವನಿಗೆ ಎಲ್ಲರಿಗಿಂತ ಖುಷಿ. ಉಬ್ಬರ ಪೂರ್ತಿ ಹೋಗಿದೆ ಅಂತ ಹೇಳಲ್ಲ, ಆದ್ರೆ ಬೆಳಗ್ಗೆ ಓಡೋದು ತುಂಬ ಕಮ್ಮಿ ಆಗಿದೆ. ದೊಡ್ಡಪತ್ರೆ ತಂಬುಳಿನ ಅತ್ತೆ ಒಂದು ತುತ್ತು ತಿಂದು ಪಕ್ಕಕ್ಕಿಟ್ರು, ಶುಂಠಿ ತಂಬುಳಿ ಮಾತ್ರ ಇಷ್ಟ ಆಯ್ತು. ಅಮ್ಮ, ನೀವು ಹೇಳಿದ್ದು ಅರ್ಧ ಸರಿ ಆಯ್ತು 🙂

ಇನ್ನೊಂದು ಪ್ರಶ್ನೆ. ಹಾಲು ಕುಡಿದ್ರೆ ಗುಡುಗುಡು ಅನ್ನುತ್ತೆ, ಮೊಸರು ಮಜ್ಜಿಗೆಗೆ ಏನೂ ಆಗಲ್ಲ, ಇದು ಹೆಂಗೆ? ಮತ್ತೆ ಗೌರಿ ಗಣೇಶ ಹತ್ರ ಬಂತು, ಪಂಚಕಜ್ಜಾಯ, ಕಡುಬು, ಚಕ್ಕುಲಿ ಎಲ್ಲದಕ್ಕೂ ಕೈ ಮುಗಿದು ಕೂರ್ಬೇಕಾ?

---

ಸಾಗರದ_ಪಥ್ಯ

ಹೆಪ್ಪು ಹಾಕಿದ ಮೇಲೆ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲು ತಿಂದಿರ್ತವೆ, ಮಜ್ಜಿಗೆಗೆ ನೀರು ಬೇರೆ ಸೇರುತ್ತೆ, ಅದ್ಕೆ ತಡ್ಕೊಳುತ್ತೆ. ದೊಡ್ಡವ್ರಾದ ಮೇಲೆ ಹಾಲು ಜೀರ್ಣ ಆಗದೇ ಇರೋದು ನಮ್ಮ ಕಡೆ ತುಂಬ ಸಾಮಾನ್ಯ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲ ಅನ್ನೋಷ್ಟು ಕಮ್ಮಿ, ಆದ್ರೆ ಜಿಡ್ಡು ಜಾಸ್ತಿ ಆದ್ರೂ ಹೊಟ್ಟೆ ಮುನಿಯುತ್ತೆ, ಹಬ್ಬದ ದಿನ ಅದನ್ನ ನೋಡ್ಕೊಳಿ.

ಹಬ್ಬಕ್ಕೆ ಕಡಲೆಬೇಳೆ ಪಂಚಕಜ್ಜಾಯದ ಬದಲು ಎಳ್ಳಿಂದು ಮಾಡಿ, ನೈವೇದ್ಯಕ್ಕೂ ನಡಿಯುತ್ತೆ. ಕಡುಬಿಗೆ ಅಕ್ಕಿ ಹಿಟ್ಟಿನ ಕಣಕ, ಕಾಯಿ ಬೆಲ್ಲದ ಹೂರಣ, ಹಬೆಲಿ ಬೇಯ್ಸಿದ್ದು ಎರಡು ತಿನ್ನಿ. ಗೋಧಿ ಹಿಟ್ಟಿಂದು ಕರಿದಿದ್ದು ಬೇಡ. ಚಕ್ಕುಲಿಗೆ ಹಿಟ್ಟು ಮನೇಲೇ ಮಾಡ್ಸೋದಾದ್ರೆ ಅಕ್ಕಿಗೆ ಉದ್ದು ಸ್ವಲ್ಪ ಕಮ್ಮಿ ಹಾಕ್ಸಿ, ಪುಟಾಣಿ ಬೇಡ.

---

ಕವಲೇದುರ್ಗದಮ್ಮ

ಉದ್ದು ಕಮ್ಮಿ ಆದ್ರೆ ಚಕ್ಕುಲಿ ಗಟ್ಟಿ ಆಗುತ್ತೆ ಕಣಮ್ಮ, ಬಿಸಿ ಬೆಣ್ಣೆ ಎರಡು ಚಮಚ ಹಿಟ್ಟಿಗೆ ಕಲಸ್ಕೊಳಿ. ಎಳ್ಳು ಹುರಿಯೋವಾಗ ಚಟಪಟ ಅಂದ ಕೂಡ್ಲೆ ಇಳ್ಸಿ, ಕಂದು ಬಣ್ಣಕ್ಕೆ ಹೋದ್ರೆ ಕಹಿ. ಮತ್ತೆ ತಂಗಿ, ಆ ದೊಡ್ಡಪತ್ರೆ ನೀನು ಸರಿಯಾಗಿ ಬಾಡ್ಸಿಲ್ಲ, ಅದ್ಕೇ ನಿಮ್ಮತ್ತೆ ಪಕ್ಕಕ್ಕಿಟ್ಟಿದ್ದು.